ಸಹಾಯ ಬೇಕು: ಎಕ್ಸಾಸ್ಟ್ ಬಿಸಿಯಿಂದ 18 ವ್ಯಾಟ್ ಬರಬೇಕಿತ್ತು, ಬರ್ತಿರೋದು 9

1.5 ಲೀಟರ್ ಪೆಟ್ರೋಲ್ ಎಂಜಿನ್. ಕ್ಯಾಟಲಿಟಿಕ್ ಕನ್ವರ್ಟರ್ ಆದಮೇಲೆ ಚಪ್ಪಟೆ ಸ್ಟೀಲ್ ಬಾಕ್ಸ್, ಅದರ ಮೇಲೆ 40 ಮಿ.ಮೀ. ಚೌಕದ 8 ಬಿಸ್ಮತ್ ಟೆಲ್ಯುರೈಡ್ ಮಾಡ್ಯೂಲ್ (ಎರಡು ಬದಿಯ ಬಿಸಿಯ ವ್ಯತ್ಯಾಸದಿಂದ ಕರೆಂಟ್ ಮಾಡುವ ಬಿಲ್ಲೆ), ಎಲ್ಲವೂ ಸೀರೀಸ್. ತಣ್ಣನೆ ಬದಿಗೆ ಅಲ್ಯೂಮಿನಿಯಂ ಬ್ಲಾಕ್, ಒಳಗೆ ಕೂಲೆಂಟ್. (ಕರೆಂಟ್ ಕೊಟ್ಟು ತಣ್ಣಗಾಗಿಸಲು, ಅಂದರೆ ಕೂಲಿಂಗ್‌ಗೆಂದು ಮಾರುವ ಪೆಲ್ಟಿಯರ್ ಬಿಲ್ಲೆ ಅಲ್ಲ; ಅಂಥ ಕೆಲವದರ ಬೆಸುಗೆ 138 ಡಿಗ್ರಿಗೇ ಕರಗುತ್ತದೆ.)

ಒಂದೇ ವೇಗದಲ್ಲಿ ಓಡಿಸುವಾಗ ಮೊದಲ ಮಾಡ್ಯೂಲಿನ ಕೆಳಗೆ ಬಾಕ್ಸಿನ ಪ್ಲೇಟ್ 215 ಡಿಗ್ರಿ, ಕೊನೆಯದರ ಕೆಳಗೆ 130, ಕೂಲೆಂಟ್ 88. ಸರಾಸರಿ ವ್ಯತ್ಯಾಸ 84. ಮಾಡ್ಯೂಲಿಗೆ ಡಿಗ್ರಿಗೆ 0.05 ವೋಲ್ಟ್ ಲೆಕ್ಕ ಹಿಡಿದರೆ ಲೋಡ್ ಇಲ್ಲದೆ 34 ವೋಲ್ಟ್ ಬರಬೇಕು, ಬರುವುದು 24. ಒಳ ರೆಸಿಸ್ಟೆನ್ಸ್ ಒಟ್ಟು 16 ಓಮ್, ಲೋಡ್ ಕೂಡ 16; ಅರ್ಧ ವೋಲ್ಟೇಜ್ ಲೋಡಿಗೆ ಸಿಗುತ್ತದೆ, ಅಂದರೆ 34 ವೋಲ್ಟಿಗೆ 18 ವ್ಯಾಟ್, 24ಕ್ಕೆ 9. ಹಾಗಾಗಿ ವೈರಿಂಗ್ ಮೇಲೆ ಅನುಮಾನವಿಲ್ಲ, ಬಿಸಿ ಮಾಡ್ಯೂಲನ್ನೇ ಮುಟ್ಟುತ್ತಿಲ್ಲ.

ಬಿಚ್ಚಿದಾಗ ಬಿಸಿ ಬದಿಯ ಥರ್ಮಲ್ ಗ್ರೀಸ್ (ಸಂದು ತುಂಬಿ ಬಿಸಿ ದಾಟಿಸುವ ಪೇಸ್ಟ್) ಒಣಗಿ ಪುಡಿಯಾಗಿತ್ತು. 3 ಮಿ.ಮೀ. ಪ್ಲೇಟ್ ಮೇಲೆ ಸ್ಕೇಲ್ ಇಟ್ಟರೆ ನಡುವೆ 0.15 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರುತ್ತದೆ, ಅಂದರೆ ಪ್ಲೇಟ್ ಬಾಗಿದೆ. ಬೋಲ್ಟುಗಳೂ ಸಡಿಲ.

ಗೊತ್ತಿರುವವರು ಹೇಳಿ: ಗ್ರೀಸ್ ಬದಲು 0.2 ಮಿ.ಮೀ. ಗ್ರಾಫೈಟ್ ಶೀಟ್ ಸಾಕೇ? ಮಾಡ್ಯೂಲಿಗೆ 160 ಕೆ.ಜಿ. ಒತ್ತಡ (ಸುಮಾರು 1 ಮೆಗಾಪಾಸ್ಕಲ್) ಬಿಸಿಯಲ್ಲೂ ನಿಲ್ಲಲು ಬೋಲ್ಟಿಗೆ ಎಷ್ಟು ಡಿಸ್ಕ್ ಸ್ಪ್ರಿಂಗ್ ವಾಷರ್ (ಸ್ಪ್ರಿಂಗಿನಂತೆ ಒತ್ತುವ ಬೋಗುಣಿ ಆಕಾರದ ವಾಷರ್), ಯಾವ ಜೋಡಣೆಯಲ್ಲಿ? ಪ್ಲೇಟ್ 6 ಮಿ.ಮೀ. ಮಾಡಿದರೆ ಬಾಗುವುದು ನಿಲ್ಲುತ್ತದೆಯೇ? ಬಾಕ್ಸ್ ಒಳಗೆ ಫಿನ್ (ಬಿಸಿ ಹೀರುವ ತೆಳು ಲೋಹದ ರೆಕ್ಕೆ) ಹಾಕಿ ಎನ್ನಬೇಡಿ, ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಏರಿದರೆ ಗಳಿಸಿದ ವ್ಯಾಟ್ ಎಂಜಿನ್ನೇ ತಿಂದುಹಾಕುತ್ತದೆ.