ಜಿಬಿಎಸ್ ಆದ ಮಗುವನ್ನು ಎಷ್ಟು ನಡೆಸಬೇಕು?

ಪ್ರಶ್ನೆ (ತಾಯಿ, ಮಂಡ್ಯ): ನಮಸ್ತೆ ಮೇಡಂ. ಮಗನಿಗೆ 7 ವರ್ಷ. ಭೇದಿ ನಿಂತ ಹತ್ತು ದಿನಕ್ಕೆ ಕಾಲು ಸೋತು ಕೂತುಬಿಟ್ಟ. ಜಿಬಿಎಸ್, ಅಂದರೆ ಗೀಯಾನ್ ಬಾರೆ ಸಿಂಡ್ರೋಮ್ ಅನ್ನೋ ನರದ ಕಾಯಿಲೆ ಅಂದರು, ಐದು ದಿನ ಐವಿಐಜಿ (ರಕ್ತನಾಳಕ್ಕೆ ಹಾಕುವ ಪ್ರತಿಕಾಯಗಳ ಔಷಧಿ) ಕೊಟ್ಟರು. ಮನೆಗೆ ಬಂದು ಆರು ವಾರ ಆಯ್ತು. ಗೋಡೆ ಹಿಡಿದು ನಡೆಯುತ್ತಾನೆ, ಆದರೆ ಪಾದ ಟಪ್ ಟಪ್ ಅಂತ ಬೀಳುತ್ತದೆ. ನಡೆಸಿದಷ್ಟೂ ಗಟ್ಟಿ ಆಗ್ತಾನೆ ಅಂತ ಮಾವ ದಿನಾ ನಾಲೆ ಏರಿವರೆಗೆ ನಡೆಸುತ್ತಾರೆ. ಮಾರನೇ ದಿನ ಅವನಿಗೆ ಏಳೋಕೇ ಆಗಲ್ಲ. ಇದು ಸರೀನಾ?

ಉತ್ತರ (ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು): ನಾಲೆ ಏರಿ ಸದ್ಯಕ್ಕೆ ಬೇಡ. ಮಾವನ ಮೇಲೆ ಸಿಟ್ಟಾಗಬೇಡಿ, ಹೀಗೆ ನಡೆಸುವವರು ತುಂಬಾ ಜನ ಇದ್ದಾರೆ.

ಇದು ಸೋಮಾರಿತನದಿಂದ ಸೊರಗಿದ ಕಾಲಲ್ಲ. ಸೋಂಕಿನ ಮೇಲೆ ಹೋಗಬೇಕಿದ್ದ ದೇಹದ ಕಾವಲು ಪಡೆ ನರದ ಹೊದಿಕೆ ಮೇಲೇ ತಿರುಗಿಬಿದ್ದಿದೆ. ಹೊದಿಕೆ ಮಾತ್ರ ಹೋಗಿದ್ದರೆ ಕೆಲವು ವಾರ, ತಿಂಗಳಲ್ಲಿ ಚೇತರಿಕೆ ಕಾಣುತ್ತದೆ. ಒಳಗಿನ ಎಳೆಗೂ ಪೆಟ್ಟಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಮಗನ ಮೊಣಕಾಲಿನಿಂದ ಪಾದದವರೆಗೆ ಟೇಪ್ ಹಿಡಿಯಿರಿ. ಒಂದು ಅಡಿ ಇದ್ದರೆ 300 ದಿನ! ಅದಕ್ಕೇ ಬಲ ಸಾಮಾನ್ಯವಾಗಿ ಮೊದಲು ತೊಡೆಗೆ, ಕೊನೆಗೆ ಪಾದಕ್ಕೆ ಬರುತ್ತದೆ. ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಧೈರ್ಯವಾಗಿರಿ.

ಎಷ್ಟು ಮಾಡಿಸಬೇಕು ಅಂತ ಮಾರನೇ ಬೆಳಿಗ್ಗೆಯನ್ನೇ ಕೇಳಿ. ಎದ್ದಾಗ ಕಾಲು ನಿನ್ನೆಗಿಂತ ಸೋತಿದ್ದರೆ, ನೋವಿದ್ದರೆ, ಹಿಂದಿನ ದಿನದ್ದು ಜಾಸ್ತಿಯಾಗಿದೆ. ಅರ್ಧಕ್ಕೆ ಇಳಿಸಿ. ಒಂದೇ ಸಲ ಅರ್ಧ ಗಂಟೆ ಬದಲು 5-10 ನಿಮಿಷದ ಹಾಗೆ ದಿನಕ್ಕೆ ಮೂರ್ನಾಲ್ಕು ಸಲ. ಜಗಲಿ ಮೇಲೆ ಕೂತು ಎದ್ದೇಳುವುದೂ ವ್ಯಾಯಾಮವೇ.

ತಪ್ಪಿಸಬಾರದ್ದು ಮೀನಖಂಡದ ಸ್ಟ್ರೆಚ್. ಕಾಲು ಚಾಚಿ ಕೂರಿಸಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿಯಿರಿ, ಅಂಗಾಲು ನಿಮ್ಮ ಮುಂಗೈಗೆ ಒರಗಲಿ. ಮೊಣಕಾಲು ಮಡಚದ ಹಾಗೆ ನೋಡಿಕೊಂಡು ಪಾದವನ್ನು ನಿಧಾನಕ್ಕೆ ಅವನ ಕಡೆಗೆ ಒತ್ತಿ, 30 ಎಣಿಸಿ. ಬರೀ ಬೆರಳು ಹಿಡಿದು ತಳ್ಳಿದರೆ ಪಾದದ ನಡುಭಾಗ ಬಾಗುತ್ತದೆ, ಹಿಮ್ಮಡಿ ಬಿಗಿ ಹಾಗೇ ಉಳಿಯುತ್ತದೆ. ಇದನ್ನು ಬಿಟ್ಟ ಮಕ್ಕಳು ಬಲ ಬಂದ ಮೇಲೂ ತುದಿಗಾಲಲ್ಲೇ ನಡೆಯಬಹುದು. ಟಪ್ ಶಬ್ದಕ್ಕೆ ಎಎಫ್ಒ ಸ್ಪ್ಲಿಂಟ್ (ಪಾದ ಕೆಳಗೆ ಬೀಳದಂತೆ ಹಿಡಿಯುವ ಆಸರೆ) ಬೇಕಾಗಬಹುದು, ಅಳತೆ ಕೊಡಲು ಕರೆತನ್ನಿ.

ಪ್ರಶ್ನೆ (ಅದೇ ತಾಯಿ): ಅತ್ತೆ ಹರಳೆಣ್ಣೆ ಹಚ್ಚಿ ಬಿಸಿನೀರು ಕಾಯಿಸಿ ಹಾಕುತ್ತಾರೆ. ಕೈಬೆರಳಲ್ಲಿ ಪೆನ್ಸಿಲ್ ನಿಲ್ಲುತ್ತಿಲ್ಲ.

ಉತ್ತರ: ಎಣ್ಣೆ ಮೆಲ್ಲಗೆ ನೀವಲಿ, ಜೋರಾಗಿ ತಿಕ್ಕಬಾರದು. ಎಣ್ಣೆಯಿಂದ ನರ ಬೆಳೆಯಲ್ಲ, ಮಗುವಿಗೆ ಹಿತ ಅಷ್ಟೇ. ನೀರು ನೀವು ಮೊದಲು ಮುಟ್ಟಿ ನೋಡಿ. ಪಾದಕ್ಕೆ ಸ್ಪರ್ಶ ಕಡಿಮೆ ಇದ್ದರೆ ಸುಟ್ಟರೂ ಅವನಿಗೆ ಗೊತ್ತಾಗಲ್ಲ. ಕೈಗೆ ಅಳಗುಳಿಮಣೆ ಆಡಿಸಿ, ಹುಣಸೆ ಬೀಜ ಒಂದೊಂದಾಗಿ ಎತ್ತಿ ಹಾಕಲಿ. ಬರೆಯುವುದಕ್ಕೆ ಪೆನ್ಸಿಲ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ.

ಒಂದು ವಿಷಯ. ಬಂದ ಬಲ ಮತ್ತೆ ಇಳಿದರೆ, ದನಿ ಸಣ್ಣಗಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನನಗೆ ಮೆಸೇಜ್ ಹಾಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಇನ್ನೊಬ್ಬ ತಂದೆ, ಶ್ರೀರಂಗಪಟ್ಟಣ): ನಮ್ಮ ಮಗಳಿಗೂ ಇದೇ ಆಗಿತ್ತು, ಈಗ ನಡೆಯುತ್ತಾಳೆ. ಶಾಲೆಗೆ ಕಳಿಸಬಹುದಾ?

ಉತ್ತರ: ನಿಮ್ಮ ಡಾಕ್ಟರ್ ಒಪ್ಪಿದರೆ ಕಳಿಸಿ. ಮೊದಲು ಮಧ್ಯಾಹ್ನದವರೆಗೆ ಸಾಕು. ಓಟದ ಪಂದ್ಯ ಈ ವರ್ಷ ಬೇಡ. ಕ್ಲಾಸ್ ಮಹಡಿ ಮೇಲಿದ್ದರೆ ಕೆಳಗಿನ ಕೊಠಡಿ ಕೇಳಿ ನೋಡಿ. ಬ್ಯಾಗ್ ಮಾತ್ರ ನೀವೇ ಹೊತ್ತುಬಿಡಿ.