ಸಮಸ್ಯೆ: ಒಂದು ಕಿಡಿಯೊಳು ನಾಲ್ಕು ದೀಪಗಳುರಿವವಂಬರದಿ

ಗದಗಿನ ಗರಡಿ: ಈ ವಾರದ ಸಮಸ್ಯಾಪೂರ್ತಿ ಸಾಲು ಮ್ಯಾಲೈತಿ, ಅದನ್ನ ಕಡೀ ಸಾಲು ಮಾಡಿ ಭಾಮಿನಿ ಷಟ್ಪದಿ ಕಟ್ರಿ. ಧಾರವಾಡದವರು ಈ ಸಲನೂ ಪೇಢೆ ತಿನಕೋತ ಕುಂಡ್ರಬ್ಯಾಡ್ರಿ.

ಹಾವೇರಿ ಏಲಕ್ಕಿ:
ಮಂದಗಣ್ಣಿಗೆ ಕಾಣ್ಬುದೊಂದೇ
ಕೆಂದಳಿರ ಹೊಂಬಣ್ಣ, ಕೊಳವೆಯೊ
ಳೊಂದು ನೀಲಿಯ ಮಣಿಯು ಮಗ್ಗುಲೊಳಿಹುದು ಹೊಳೆಹೊಳೆದು
ಸಂದು ಸೀಳಿದೊಡದುವೆ ಜೋಡಿಯು
ಹಿಂದೆ ಮತ್ತೊಂದಡಗಿ ಕುಳಿತಿದೆ
ಒಂದು ಕಿಡಿಯೊಳು ನಾಲ್ಕು ದೀಪಗಳುರಿವವಂಬರದಿ

ಗದಗಿನ ಗರಡಿ: ಅಲ್ಮಾಕ್ ನಕ್ಷತ್ರ! ಬರಿಗಣ್ಣಿಗೆ ಒಂದು, ಖರೇ ನಾಲ್ಕು. ಛಲೋ ಐತ್ರಿ. ಮುಂದ?

ಧಾರವಾಡ ಪೇಢೆ: ಪೇಢೆ ತಿಂದ ಬಾಯಿಂದನ ತಗೋರಿ.
ಹಿಂದೆ ಜಲಜನಕವನು ತೀರಿಸಿ
ಮಂದ ಬಿಸಿಯಲಿ ಹಿಗ್ಗಿ ಕಿತ್ತಳೆ
ಯಂದದಲಿ ಹಣ್ಣಾಗಿ ತೂಗಿದೆ ಹಿರಿಯ ಸೊಡರೊಂದು
ಮುಂದೆ ಮೂವರು ನೀಲದೆಳೆಯರು
ಬಂದು ಬಳಸಿರೆ ದೂರದಿಂದಲಿ
ಒಂದು ಕಿಡಿಯೊಳು ನಾಲ್ಕು ದೀಪಗಳುರಿವವಂಬರದಿ

ಹಾವೇರಿ ಏಲಕ್ಕಿ: 'ಹಣ್ಣಾಗಿ' ಭಾರಿ ಕುಂತೈತಿ. 'ಎಳೆಯರು' ಶುದ್ಧ ತಪ್ಪು. ನಾಲ್ಕೂ ಒಂದ ಮೋಡದಾಗ ಕೂಡೇ ಹುಟ್ಟಿದವು. ಕಿತ್ತಳೀದು ತೂಕ ಹೆಚ್ಚು, ನಡುವಿನ ಉರುವಲ ಲಗೂನ ತೀರ್ತು, ಅದಕ್ಕ ಮೊದಲ ಉಬ್ಬಿ ಮೈ ತಣ್ಣಗಾತು. ವಯಸ್ಸಿನ ಮಾತಲ್ಲ, ತೂಕದ ಮಾತು.

ಧಾರವಾಡ ಪೇಢೆ: ಕಣ್ಣಿಗೆ ಎಳೇವು ಕಾಣ್ತಾವು, ಕಾವ್ಯಕ್ಕ ಅಷ್ಟು ಸಾಕು. ನಿಮ್ಮ ತಕ್ಕಡಿ ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಗೆ ಒಯ್ರಿ.

ಗದಗಿನ ಗರಡಿ: ತಕ್ಕಡಿ ಇಲ್ಲೇ ಇರ್ಲಿ. 'ನೀಲದನುಜರು' ಮಾಡ್ರಿ, ಮಾತ್ರೆ ಕೆಡೂದಿಲ್ಲ.

ಹಾವೇರಿ ಏಲಕ್ಕಿ: ಬಾಯಿಬಿಟ್ಟು ಓದ್ರಿ ಗರಡಿಯವರ. ನೀಲ ದನುಜರು! ಆಕಾಶದಾಗ ಮೂವರು ರಾಕ್ಷಸರು. ಅದೂ ಅಲ್ಲದ ಅನುಜ ಅಂದ್ರೂ ಕಿರಿಯನ.

ಹುಬ್ಬಳ್ಳಿ ದುರ್ಬೀನು: ನೀವು ಜಗಳಾಡ್ರಿ, ನೋಡಾವ್ರಿಗೆ ಎರಡ ಮಾತು. ಡಿಸೆಂಬರದಾಗ ರಾತ್ರಿ 9ರ ಸುಮಾರು ಉತ್ತರಕ್ಕ ಮುಖ ಮಾಡಿದ್ರ 60 ಡಿಗ್ರಿಗಿಂತ ತುಸು ಮ್ಯಾಲ, ದೇವಯಾನಿ (ಆಂಡ್ರೊಮಿಡಾ) ನಕ್ಷತ್ರಪುಂಜದ ಕಾಲಾಗ. ಬೈನಾಕ್ಯುಲರಿನಾಗ ಒಡಿಯೂದಿಲ್ಲ. 60 ಮಿ.ಮೀ. ದುರ್ಬೀನು, 70 ಪಟ್ಟು ಹಾಕ್ರಿ. ಕಿತ್ತಳಿ-ನೀಲಿ ನಡುವಿನ ಅಂತರ ಸುಮಾರು 10 ಕೋನ ಸೆಕೆಂಡು (ಒಂದು ಡಿಗ್ರಿಯ 3600ರಾಗೊಂದು ಪಾಲು ಒಂದು ಕೋನ ಸೆಕೆಂಡು). ಬಣ್ಣ ಎದ್ದು ಕಾಣಬೇಕಂದ್ರ ಫೋಕಸ್ ಒಂದೆಳಿ ಸಡಿಲ ಬಿಡ್ರಿ. ಉಳಿದೆರಡು ಹುಡುಕಬ್ಯಾಡ್ರಿ. 1842ರಾಗ ಖಗೋಳಜ್ಞ ಒಟ್ಟೋ ಸ್ಟ್ರೂವೆ ನೀಲೀನ ಎರಡಾಗಿ ಕಂಡ, ಆ ಸಂದು ಒಂದು ಸೆಕೆಂಡೂ ಇಲ್ಲ. ನಾಲ್ಕನೇದು ರೋಹಿತದಾಗ (ಬೆಳಕು ಬಣ್ಣಬಣ್ಣಾಗಿ ಬಿಡಿಸಿದಾಗ) ಅಷ್ಟ ಸಿಗ್ತದ, 2.67 ದಿನಕ್ಕೊಂದು ಸುತ್ತು. ಏಲಕ್ಕಿಯವರು ಸೀಳಿದ್ದು ಪದ್ಯದಾಗ ಮಾತ್ರ.

ಧಾರವಾಡ ಪೇಢೆ: 'ಮುಂದೆ ಮೂವರು ನೀಲ ಸಹಜರು'. ಕೂಡ ಹುಟ್ಟಿದವರು. ಆತಲ್ರಿ?

ಹಾವೇರಿ ಏಲಕ್ಕಿ: ಸಹಜ ಅಂದ್ರ ಮಂದಿ 'ಸ್ವಾಭಾವಿಕ' ಅಂತ ಓದ್ತಾರ.

ಧಾರವಾಡ ಪೇಢೆ: ಮಂದಿಗಲ್ಲ, ಗರಡಿಗೆ ಬರದದ್ದು.

ಗದಗಿನ ಗರಡಿ: ಸಹಜರು ಪಾಸು. ಮೂವರು 'ಮುಂದೆ' ಯಾಕ ಬಂದ್ರು, 'ಸುತ್ತ' ಅಲ್ಲೇನು ಅಂತ ನಾ ಇನ್ನೂ ಕೇಳಿಲ್ಲ.

ಧಾರವಾಡ ಪೇಢೆ: ಕೇಳ್ರಿ. ಪ್ರಾಸ ನೀವ ಹೊಂದಿಸಿ ಕೊಡ್ರಿ.