ಅಪ್‌ಡೇಟ್: ಫುಟ್‌ಪಾತ್ ಸಂದಿಯ ಗಿಡ ಯಾವುದೆಂದು ಗೊತ್ತಾಯಿತು

ಫುಟ್‌ಪಾತ್ ಕಲ್ಲಿನ ಸಂದಿಯಲ್ಲಿ ಬೆಳೆದ, ನಡುವೆ ಹಳದಿ, ಸುತ್ತ ಬಿಳಿ ಎಸಳಿರುವ ಪುಟ್ಟ ಹೂವಿನ ಗಿಡ ಭೃಂಗರಾಜವೇ ಅಂತ ಕೇಳಿದ್ದೆ. ಅಲ್ಲ, ಅದು ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂಬ ವೈಜ್ಞಾನಿಕ ಹೆಸರಿನ ಕಳೆಗಿಡ. ಎಸಳಿನ ತುದಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್!

ಬೆಳಿಗ್ಗೆ ಭೂತಗನ್ನಡಿ ಹಿಡಿದು ಗಿಡದ ಪಕ್ಕ ಕೂತೆ. ಎಸಳು ಐದೇ. ಪ್ರತಿಯೊಂದರ ತುದಿಯಲ್ಲೂ ಮೂರು ಹಲ್ಲು, ಯಾವುದೋ ಹುಳ ಕಚ್ಚಿದ ಹಾಗೆ. ಭೃಂಗರಾಜದ ಎಸಳು ಹೀಗಿರುವುದಿಲ್ಲ. ಅವು ತೀರಾ ಸಣ್ಣ, ಎಣಿಕೆಯಲ್ಲೂ ಜಾಸ್ತಿ.

ಒಣಗಿದ ಹೂವನ್ನು ಬಿಡಿಸಿದಾಗ ಉಳಿದ ಅನುಮಾನವೂ ಹೋಯಿತು. ಒಂದೊಂದು ಬೀಜಕ್ಕೂ ನವಿರಾದ ರೋಮದ ಕುಚ್ಚು. ಸುಮ್ನೆ ಊದಿದರೆ ಸಾಕು, ತೇಲಿ ಹೋಗುತ್ತದೆ. ಭೃಂಗರಾಜದ ಬೀಜಕ್ಕೆ ಈ ಕುಚ್ಚಿಲ್ಲ. ಅಷ್ಟು ಚಿಕ್ಕ ಸಂದಿಗೆ ಗಿಡ ಹೇಗೆ ಬಂತು ಎಂಬುದಕ್ಕೂ ಇದೇ ಉತ್ತರ ಅಲ್ವಾ!

ಇದರ ಮೂಲ ಅಮೆರಿಕ ಖಂಡಗಳ ಉಷ್ಣವಲಯ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು. ಕಾಂಡ ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರು ಬಿಡುತ್ತದೆ, ಹೂವಿನ ತೊಟ್ಟು ಮಾತ್ರ ನೆಟ್ಟಗೆ ಮೇಲೇಳುತ್ತದೆ. ನನ್ನ ಮೊದಲ ಫೋಟೋದಲ್ಲಿ ಆ ಉದ್ದ ತೊಟ್ಟೇ ಬಿದ್ದಿರಲಿಲ್ಲ. ಗಿಡ ಗುರುತಿಸಲು ಕೇಳುವವರು ದಯವಿಟ್ಟು ಎಲೆ, ತೊಟ್ಟು, ಬೀಜ ಮೂರನ್ನೂ ತೆಗೆಯಿರಿ.